ಸಿಯೆಮ್ ರೀಪಿನಲ್ಲಿ ನಾಲ್ಕು ದಿನ

ಕಾಂಬೋಡಿಯ ದೇಶಕ್ಕೆ ಹೋದವರು ಬಹುಮಟ್ಟಿಗೆ ಸಿಯೆಮ್ ರೀಪ್ ಪಟ್ಟಣದಲ್ಲಿ ಇಳಿದುಕೊಂಡು, ಬೆಳಗಿನ ಜಾವದಲ್ಲಿ ಅಂಗ್‌ಕೋರ್ ವಾಟ್ ದೇವಾಲಯದ ಮುಂದಣ ಕೊಳದ ಬಳಿ ಸೂರ್ಯೋದಯವನ್ನು ನೋಡಿ, ಮಧ್ಯಾಹ್ನದ ಬಿಸಿಲಿಗೆ ಬಳಲಿ ಹಿಂದಿರುಗುತ್ತಾರೆ. ಸೂರ್ಯೋದಯವು ನೋಡತಕ್ಕದ್ದೇ ಸರಿ. ಆದರೆ ಅಷ್ಟರಿಂದಲೇ ತೃಪ್ತರಾದವರು ಆ ನಾಡಿನ ಅರ್ಧವನ್ನು ಮಾತ್ರ ಕಂಡರೆಂದು ನಮ್ಮ ಅಭಿಪ್ರಾಯ.

ದೇವಾಲಯವು ಪಟ್ಟಣದಿಂದ ಸುಮಾರು 6 ಕಿಲೋಮೀಟರು. ನೆಲವು ಸಮತಟ್ಟಾದುದರಿಂದ ನಾವು ಬಾಡಿಗೆಯ ಬೈಸಿಕಲ್ಲುಗಳಲ್ಲಿ ಹೋದೆವು. ಎರಡನೆಯ ಸೂರ್ಯವರ್ಮನು 12ನೆಯ ಶತಮಾನದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದ ಈ ಮಹಾಲಯದಲ್ಲಿ ಈಗ ಬುದ್ಧನಿಗೆ ಪೂಜೆ ಸಲ್ಲುತ್ತಿದೆ. ಪೂರ್ವದ ಮೊಗಸಾಲೆಯ ಗೋಡೆಯುದ್ದಕ್ಕೂ ಸಮುದ್ರಮಥನವನ್ನು ಕಂಡರಿಸಿದ್ದಾರೆ. ನಮ್ಮೊಡನಿದ್ದ ಮಕ್ಕಳಿಗೆ ಅದರ ಕಥೆಯನ್ನು ಯಾರೂ ಹೇಳಬೇಕಾಗಲಿಲ್ಲ. ಸಮೀಪದ ಬಯೋನಿನ ಹೊರಗೋಡೆಯಲ್ಲಿ ಮೀನು ಮಾರುವ ಹೆಂಗಸರು, ಕೋಳಿಯಂಕ, ಕೊಪ್ಪರಿಗೆಗೆ ಇಳಿಸುತ್ತಿರುವ ಇಡಿಯ ಹಂದಿ! ಅರಸರ ದಿಗ್ವಿಜಯಕ್ಕಿಂತ ಈ ಸಂತೆಯೇ ನಮಗೆ ಹೆಚ್ಚು ಹಿಡಿಸಿತು.

ಒಂದು ದಿನವನ್ನು ತೋನ್ಲೆ ಸಾಪ್ ಸರೋವರಕ್ಕೆ ಮೀಸಲಿಡಬೇಕು. ಮಳೆಗಾಲದಲ್ಲಿ ಮೆಕಾಂಗ್ ನದಿಯು ಉಕ್ಕಿ, ಸರೋವರದಿಂದ ಹರಿದುಬರುವ ಹೊಳೆಯನ್ನೇ ಹಿಂದಕ್ಕೆ ತಿರುಗಿಸುತ್ತದೆ. ಆಗ ಸರೋವರವು ನಾಲ್ಕೈದು ಪಟ್ಟು ಹಿಗ್ಗುವುದು. ನಾವು ಹೋದದ್ದು ಫಾಲ್ಗುಣದಲ್ಲಿ. ನೀರು ಇಳಿದಿದ್ದ ಕಾರಣ ಕಂಪೊಂಗ್ ಫ್ಲುಕ್ ಎಂಬ ಹಳ್ಳಿಯ ಮನೆಗಳು ಉದ್ದುದ್ದ ಕಂಬಗಳ ತುದಿಯಲ್ಲಿ ನಿಂತಿದ್ದುವು. ಏಣಿಗಳ ಬುಡದಲ್ಲಿ ಮಕ್ಕಳು ಆಡುತ್ತಿದ್ದರು.

ಇನ್ನು ನೃತ್ಯದ ಮಾತು. ಗೋಡೆಗಳ ಮೇಲಣ ಅಪ್ಸರೆಯರು ಎಂಟುನೂರು ವರ್ಷಗಳಿಗೂ ಮೇಲ್ಪಟ್ಟು ನಿಂತಿದ್ದಾರೆ. ಜೀವಂತ ನರ್ತಕಿಯರ ಪಾಡು ಹಾಗಲ್ಲ. 1975ರಿಂದ 1979ರ ವರೆಗಿನ ಖ್ಮೇರ್ ರೂಜ್ ಆಳಿಕೆಯಲ್ಲಿ ಅರಮನೆಯ ನೃತ್ಯಗುರುಗಳೂ ವಾದ್ಯಗಾರರೂ ಬಹುಮಂದಿ ಮಡಿದರು. ಬದುಕುಳಿದ ಬೆರಳೆಣಿಕೆಯವರು ತಮ್ಮ ಮೈಯಲ್ಲಿದ್ದ ನೆನಪನ್ನೇ ಓಲೆಗರಿಯಾಗಿ ಮಾಡಿಕೊಂಡು, ಎಳೆಯ ಮಕ್ಕಳ ಬೆರಳುಗಳನ್ನು ಹಿಂದಕ್ಕೆ ಬಾಗಿಸಿ ಬಾಗಿಸಿ ಕಲಿಸಿದರು. ಎಲೆ, ಹೂ, ಕಾಯಿ ಎಂದು ಕೈಗಳು ಹೇಳುವುದನ್ನು ನಾವು ಒಂದು ಭೋಜನಶಾಲೆಯ ವೇದಿಕೆಯಲ್ಲಿ ನೋಡಿದೆವು. ಪಕ್ಕದ ಮೇಜಿನವರು ತಟ್ಟೆಯಿಂದ ಕಣ್ಣೆತ್ತಲಿಲ್ಲ. ನಮಗೆ ಕೊಂಚ ಕೋಪವೇ ಬಂದಿತು.

ಅಲ್ಲಿಯ ತೊಗಲುಗೊಂಬೆಯಾಟಕ್ಕೆ ಸ್ಬೇಕ್ ಥೋಮ್ ಎಂದು ಹೆಸರು. ಅದೂ ಅದೇ ಕಾಲದಲ್ಲಿ ಅಳಿವಿನಂಚಿಗೆ ಹೋಗಿ ಬಂದುದೇ. ನಮ್ಮ ನಾಡಿನ ಸಣ್ಣ ಗೊಂಬೆಗಳಂತೆ ಅವು ಕೈಕಾಲು ಆಡಿಸುವುದಿಲ್ಲ. ಆಳೆತ್ತರದ ಒಂದೇ ತೊಗಲಿನ ಚಿತ್ರವನ್ನು ಎತ್ತಿ ಹಿಡಿದು, ಬಿಳಿಯ ಪರದೆಯ ಮುಂದೆ ಆಟಗಾರನೇ ಕುಣಿಯುತ್ತಾನೆ, ಹಿಂದೆ ಬೆಂಕಿಯ ಬೆಳಕು, ಕಥೆ ರಾಮಾಯಣದ್ದು. ಇದು ಪ್ರತಿರಾತ್ರಿಯೂ ನಡೆಯುವ ಆಟವಲ್ಲವಾದುದರಿಂದ, ಹೋಗುವವರು ಬಿಡಾರಕ್ಕೆ ಸೇರಿದ ದಿನವೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.