ಗಿಡ ತರುವ ಮುನ್ನ ಬೆಕ್ಕನ್ನು ನೆನೆಯಿರಿ

ಮೇವು ಯಾವುದು, ವಿಷ ಯಾವುದು ಎಂಬುದು ಪ್ರಾಣಿಗಳಿಗೆ ಹುಟ್ಟಿನಿಂದಲೇ ತಿಳಿದಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹು ಹಳೆಯದು. ನಮ್ಮ ತಾತನವರಂತೂ ಇದನ್ನು ವೇದವಾಕ್ಯದಂತೆ ನುಡಿಯುತ್ತಿದ್ದರು. ನಮ್ಮ ಊರು ನಂಗಲಿ. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ರಾಜ್ಯದ ಮೂಡಣ ಎಲ್ಲೆಯೆಂದು ಹೆಸರಿಸುವ ನಂಗಲಿಯೇ ಅದು. ಮುಳಬಾಗಿಲಿನಿಂದ ತಿರುಪತಿಗೆ ಹೊರಟ ಬಸ್ಸು ಅದನ್ನು ದಾಟಿ ತುಸು ದೂರ ಹೋದರೆ ಆಂಧ್ರದ ನೆಲ. ನಮ್ಮ ಹಿತ್ತಿಲಿಗೆ ಕಣಗಿಲೆಯ ಬೇಲಿ ಇತ್ತು. ಸಂಜೆ ಮರಳುವ ಮೇಕೆಗಳ ಹಿಂಡು ಜಾಲಿಯನ್ನೂ ಬಿಡದೆ ಬಾಯಾಡಿಸುತ್ತ ಬಂದು, ಕಣಗಿಲೆಯನ್ನು ಮಾತ್ರ ಮೂಸಿ ಮುಂದೆ ಹೋಗುತ್ತಿತ್ತು. "ನೋಡಿದೆಯಾ ಮಗು, ಇದಕ್ಕೆ ಯಾವ ಮೇಷ್ಟ್ರು ಪಾಠ ಹೇಳಿಕೊಟ್ಟರು?" ಎಂದು ತಾತ ಕೇಳುತ್ತಿದ್ದರು.

ತಾತನ ಮಾತು ಅರ್ಧ ನಿಜ. ಕಣಗಿಲೆ ಕಹಿ, ಸುತ್ತ ಬೇರೆ ಹಸಿರು ಇರುವಾಗ ಮೇಕೆ ಅದರ ಗೊಡವೆಗೆ ಹೋಗುವುದಿಲ್ಲ. ಆದರೆ ಇದೇ ತಾತ, ಮಳೆ ಕೈಕೊಟ್ಟ ವರ್ಷಗಳಲ್ಲಿ, ಎಳೆಯ ಜೋಳದ ಪೈರಿಗೆ ದನ ನುಗ್ಗದಂತೆ ಕೋಲು ಹಿಡಿದು ಕಾಯುತ್ತಿದ್ದರು. ಬಾಡಿದ ಎಳೆ ಜೋಳ ದನದ ಹೊಟ್ಟೆಯಲ್ಲಿ ಸಯನೈಡ್ ವಿಷವನ್ನು ಬಿಡುತ್ತದೆ. ದನವೋ ಅದನ್ನು ಆಸೆಯಿಂದ ಮೇಯುತ್ತದೆ. ಹುಟ್ಟರಿವು ಅಷ್ಟು ಗಟ್ಟಿಯಾಗಿದ್ದರೆ ಕೋಲೇಕೆ ಬೇಕಾಗಿತ್ತು?

ಹಳ್ಳಿಯಲ್ಲೇ ಹೀಗಾದರೆ ಬೆಂಗಳೂರಿನ ಮೂರನೆಯ ಅಂತಸ್ತಿನ ಮನೆಯ ಪಾಡೇನು? ನನ್ನ ತಂಗಿಯ ಮನೆಯಲ್ಲಿ ಗಂಡಹೆಂಡಿರಿಬ್ಬರೂ ಕಚೇರಿಗೆ, ಮಗಳು ಕಾಲೇಜಿಗೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮನೆಗೆ ಬೆಕ್ಕೇ ಯಜಮಾನ. ಅದರ ಕಾಡು, ತೋಟ, ಹೊಲ ಎಲ್ಲವೂ ಬಾಲ್ಕನಿಯ ನಾಲ್ಕು ಕುಂಡಗಳು. ಬೆಕ್ಕುನಾಯಿಗಳು ಹಸಿರು ತಿನ್ನುವುದು ಕಾಯಿಲೆಯೇನಲ್ಲ, ಅವುಗಳ ಸಹಜಗುಣ. ಬಯಲಿನಲ್ಲಾದರೆ ಹುಲ್ಲು ಸಿಕ್ಕುತ್ತದೆ. ಬಾಗಿಲು ಹಾಕಿದ ಮನೆಯಲ್ಲಿ ಇದ್ದುದನ್ನೇ ಕಚ್ಚಬೇಕು.

ಮೂರು ವರ್ಷದ ಹಿಂದೆ ತಂಗಿಯ ಮದುವೆಯ ಇಪ್ಪತ್ತೈದನೆಯ ವರ್ಷದ ದಿನ ಯಾರೋ ಸ್ನೇಹಿತರು ದೊಡ್ಡದೊಂದು ಲಿಲ್ಲಿ ಹೂಗುಚ್ಛ ತಂದರು. ಮನೆಯೆಲ್ಲ ಪರಿಮಳ. ಬೆಕ್ಕು ಚಿನ್ನು ಹೂದಾನಿಗೆ ಮೈಯುಜ್ಜಿ, ಬೆನ್ನಿಗೆ ಕಂದು ಪರಾಗ ಬಳಿದುಕೊಂಡು, ಕಿಟಕಿಯ ಬಳಿ ಕುಳಿತು ಮೈ ನೆಕ್ಕಿಕೊಂಡಿತು. ರಾತ್ರಿ ವಾಂತಿಯಾಯಿತು. ಮರುದಿನ ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕುಳಿತದ್ದು ಏಳಲಿಲ್ಲ. ಮೂರನೆಯ ದಿನ ರಕ್ತ ಪರೀಕ್ಷಿಸಿದ ವೈದ್ಯರು ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ ಎಂದರು. ನಾಲ್ಕನೆಯ ರಾತ್ರಿ ಅದು ತೀರಿಕೊಂಡಿತು. "ದೊಡ್ಡಮ್ಮ, ಅದು ಹೂವನ್ನು ತಿಂದೇ ಇರಲಿಲ್ಲ, ಮೈ ನೆಕ್ಕಿಕೊಂಡಿತು ಅಷ್ಟೆ" ಎಂದು ತಂಗಿಯ ಮಗಳು ನನ್ನೊಡನೆ ಅದೆಷ್ಟು ಬಾರಿ ಹೇಳಿದಳೋ.

ನಿಜವಾದ ಲಿಲ್ಲಿಯ ಸ್ವಭಾವವೇ ಅದು. ಎಲೆ, ಹೂವು, ಪರಾಗ, ಹೂದಾನಿಯ ನೀರು, ಎಲ್ಲವೂ ಬೆಕ್ಕಿಗೆ ಮೃತ್ಯು. ಅದರಲ್ಲಿರುವ ವಿಷ ಯಾವುದೆಂದು ವಿಜ್ಞಾನಿಗಳು ಇನ್ನೂ ಗುರುತಿಸಿಲ್ಲ. ವಿಚಿತ್ರವೆಂದರೆ ನಾಯಿ ಅದನ್ನೇ ತಿಂದರೆ ಸಾಮಾನ್ಯವಾಗಿ ಹೊಟ್ಟೆ ಕೆಡುವುದರಲ್ಲಿ ಮುಗಿಯುತ್ತದೆ. ವಾಂತಿಗೂ ಕಾಯದೆ ಕೆಲವೇ ಗಂಟೆಗಳಲ್ಲಿ ವೈದ್ಯರ ಬಳಿಗೊಯ್ದು ರಕ್ತನಾಳದ ಮೂಲಕ ದ್ರವ ಕೊಡಿಸಿದರೆ ಬೆಕ್ಕು ಬದುಕುವ ಸಂಭವ ಉಂಟು.

ಅಂದಿನಿಂದ ತಂಗಿಯ ಮನೆಯ ಒಂದೊಂದು ಕುಂಡವನ್ನೂ ನಾವು ವಿಚಾರಣೆಗೆ ನಿಲ್ಲಿಸಿದೆವು. ಮನಿಪ್ಲಾಂಟು, ಡಿಫೆನ್‌ಬೇಕಿಯ ಎರಡೂ ನಮ್ಮ ಕೆಸುವಿನ ಬಳಗ. ಕೆಸುವಿನೆಲೆಗೆ ಹುಣಿಸೆಹಣ್ಣು ಹಿಂಡದೆ ಬೇಯಿಸಿದರೆ ಗಂಟಲು ಏನಾಗುತ್ತದೆಂದು ಯಾವ ಗೃಹಿಣಿಗೆ ಹೇಳಿಕೊಡಬೇಕು? ಅದೇ ಸೂಜಿಯಂತಹ ಹರಳುಗಳು ಪ್ರಾಣಿಯ ನಾಲಗೆಗೂ ಚುಚ್ಚುತ್ತವೆ. ಜೊಲ್ಲು ಸುರಿದು ಬಾಯಿ ಊದುತ್ತದೆ, ಪ್ರಾಣಕ್ಕೆ ಸಾಮಾನ್ಯವಾಗಿ ಭಯವಿಲ್ಲ. ಅಂಗಳದ ಶೋಭೆಗೆಂದು ತರುವ ಸೈಕಾಸ್ ಹಾಗಲ್ಲ. ಅದರ ಬೀಜವನ್ನು ನಾಯಿ ಅಗಿದರೆ ಯಕೃತ್ತೇ ಹಾಳಾಗುತ್ತದೆ. ದೃಷ್ಟಿಗೆಂದು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟುವ ಲೋಳೆಸರದ ಹಳದಿ ಹಾಲು ಭೇದಿ ಮಾಡಿಸುತ್ತದೆ; ಆದುದರಿಂದ ಅದು ಬಾಗಿಲ ಮೇಲೆಯೇ ಇರಲಿ, ಯಾರ ದೃಷ್ಟಿ ತಾಗದಿದ್ದರೂ ನಾಯಿಯ ಬಾಯಿಯಾದರೂ ತಾಗದು.

ಪರದೇಶದ ಗಿಡಗಳೇ ಕೆಟ್ಟವು, ನಮ್ಮ ಅಜ್ಜಿಯ ಹೂಗಿಡಗಳೇ ಸಾಧು ಎಂದು ಇಲ್ಲಿ ಯಾರಾದರೂ ತಲೆದೂಗಬಹುದು. ನಾನು ಒಪ್ಪುವುದಿಲ್ಲ. ಅಜ್ಜಿ ದಿನವೂ ದೇವರಿಗೆ ಏರಿಸುತ್ತಿದ್ದ ಕಣಗಿಲೆ ಹೃದಯವನ್ನು ನಿಲ್ಲಿಸಬಲ್ಲ ವಿಷ. ಒಣಗಿದ ಎಲೆಯಲ್ಲೂ ಆ ಗುಣ ಉಳಿದಿರುತ್ತದೆ. ದೇವರ ಮನೆಯ ಮೂಲೆಯಲ್ಲಿಡುವ ನಿರ್ಮಾಲ್ಯದ ಬುಟ್ಟಿ ನಾಯಿಮರಿಯ ಬಾಯಿಗೆ ಎಟುಕುವಂತಿದ್ದರೆ ಯೋಚಿಸಬೇಕಾದ ಸಂಗತಿ. ಬೇಲಿಯ ಗೌರಿಹೂವು, ಕುಂಡದ ನಿತ್ಯಪುಷ್ಪ, ಇವೂ ನಂಬತಕ್ಕವಲ್ಲ.

ಗಿಡಕ್ಕಿಂತ ಗೊಬ್ಬರ ಮೋಸ ಮಾಡುವುದೂ ಉಂಟು. ನಮ್ಮ ಕಡೆ ರಾಗಿಯ ಹೊಲದಲ್ಲಿ ಸಾಲು ಹಾಕುವ ಹರಳಿನ ಬೀಜವನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆದರೆ ಉಳಿಯುವುದು ಹರಳಿಂಡಿ. ಪಟ್ಟಣದವರು ಅದನ್ನು ಗುಲಾಬಿಯ ಬುಡಕ್ಕೆ ಹಾಕುತ್ತಾರೆ. ಗುಲಾಬಿ ನಿರಪಾಯದ ಗಿಡ. ಆದರೆ ನಾಯಿಗೆ ಆ ಹಿಂಡಿಯೇ ರುಚಿ, ಮಣ್ಣು ಕೆದಕಿ ತಿನ್ನುತ್ತದೆ. ಬೀಜದ ರಿಸಿನ್ ಎಂಬ ಘೋರ ವಿಷ ಹಿಂಡಿಯಲ್ಲೇ ಉಳಿದಿರುತ್ತದೆ, ಎಣ್ಣೆಯಲ್ಲಲ್ಲ. ಸಾಕುಪ್ರಾಣಿಯುಳ್ಳವರು ಕೊಟ್ಟಿಗೆ ಗೊಬ್ಬರವನ್ನೋ ಎರೆಗೊಬ್ಬರವನ್ನೋ ಹಾಕುವುದು ಲೇಸು.

ಹಾಗಾದರೆ ಬೆಳೆಸುವುದೇನನ್ನು? ದಾಸವಾಳ, ಮಲ್ಲಿಗೆ, ಗುಲಾಬಿ. ನೆರಳಿಗೆ ಅರೆಕಾ ಪಾಮ್, ಬಾಸ್ಟನ್ ಫರ್ನ್, ಜೇಡನ ಕಾಲಿನಂತೆ ಮರಿಗಳನ್ನು ಇಳಿಬಿಡುವ ಸ್ಪೈಡರ್ ಪ್ಲಾಂಟ್. ಯಾವುದನ್ನೇ ಆದರೂ ಹೊಟ್ಟೆತುಂಬ ತಿಂದರೆ ವಾಂತಿಯಾದೀತು, ಅಷ್ಟೆ. ನರ್ಸರಿಯಲ್ಲಿ "ಲಿಲ್ಲಿ" ಎಂಬ ಹೆಸರಿಗೆ ಮರುಳಾಗುವುದೂ ಬೇಡ, ಹೆದರುವುದೂ ಬೇಡ. ಪೀಸ್ ಲಿಲ್ಲಿ ಎಂಬುದು ಲಿಲ್ಲಿಯೇ ಅಲ್ಲ, ಕೆಸುವಿನ ಮತ್ತೊಬ್ಬ ನೆಂಟ. ಪ್ರಾಣಿ ಏನನ್ನೋ ಕಚ್ಚಿದೆ ಎಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆವೈದ್ಯಕ್ಕೆ ಕೈಹಾಕಬಾರದು; ಆ ಉಪ್ಪೇ ಕೊಂದೀತು. ಕಚ್ಚಿದ ಗಿಡದ ಒಂದು ರೆಂಬೆಯನ್ನು ಕೈಯಲ್ಲಿ ಹಿಡಿದು ಕೂಡಲೇ ವೈದ್ಯರಲ್ಲಿಗೆ ಓಡುವುದೇ ದಾರಿ.

ತಂಗಿಯ ಮನೆಗೆ ಕಳೆದ ವರ್ಷ ಮತ್ತೊಂದು ಬೆಕ್ಕು ಬಂದಿದೆ. ಮಗಳು ಅದಕ್ಕಾಗಿಯೇ ಅಗಲವಾದ ಕುಂಡದಲ್ಲಿ ಗರಿಕೆ ಹಾಕಿದ್ದಾಳೆ, ಪಕ್ಕದ ತಟ್ಟೆಯಲ್ಲಿ ಗೋಧಿಯ ಮೊಳಕೆ. ಬೆಕ್ಕು ಉಳಿದ ಕುಂಡಗಳ ಕಡೆ ಹೆಚ್ಚಾಗಿ ಸುಳಿಯುವುದಿಲ್ಲ. ಈ ಸಲದ ಗಣೇಶನ ಹಬ್ಬಕ್ಕೆ ಗರಿಕೆಗೆಂದು ಮಾರುಕಟ್ಟೆಗೆ ಹೋಗುವ ಕೆಲಸ ತಪ್ಪಿತೆಂದು ತಂಗಿ ಹಿಗ್ಗಿದ್ದಳು. ಬೆಳಿಗ್ಗೆ ಕುಂಡ ನೋಡಿದರೆ ಒಂದು ಗರಿಗೂ ತುದಿಯಿರಲಿಲ್ಲ. ಎಂಜಲಾದುದನ್ನು ದೇವರಿಗೆ ಏರಿಸುವುದೆಂತು? ಮಡಿಸೀರೆ ಬಿಚ್ಚಿಟ್ಟು ಗಾಂಧಿಬಜಾರಿಗೆ ಹೊರಟಳು.