ತೀರ್ಥಹಳ್ಳಿಗೆ ಎಷ್ಟು ಪ್ರಶ್ನೆ ಚಿಹ್ನೆ?

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ವರ್ಷವೂ ಉಂಟು. ಡಿಟಿಪಿ ಅಂಗಡಿಯವನಿಗೆ ಎರಡೂ ಒಂದೇ: ‘ಹೋದ ಸಲದ ಕರೆಯೋಲೆನೇ ಇದ್ಯಲ್ಲ, ತಾರೀಕು ಬದಲಿಸಿ ಕೊಡಿ’ ಎನ್ನುತ್ತ ಜನ ಬಂದು ನಿಲ್ಲುತ್ತಾರೆ. ಹಳೆಯ ಫೈಲು ಹುಡುಕಲು ನಾನು ಮೌಸ್ ಮುಟ್ಟುವುದು ಕಡಿಮೆ. ಕಪ್ಪು ತೆರೆಯಲ್ಲಿ ಒಂದು ಸ್ಟಾರ್ ಹೊಡೆದರೆ ಎಲ್ಲ ಬರಬೇಕು.

ಆದರೆ ಎಲ್ಲ ಅಂದರೆ ಎಷ್ಟು ಎಂಬುದರಲ್ಲೇ ತಕರಾರು. ಡಾಸ್ ಕಾಲದಲ್ಲಿ ಹೆಸರಿಗೆ 8 ಅಕ್ಷರ, ಬಾಲಕ್ಕೆ 3, ನಡುವೆ ಚುಕ್ಕೆ. ಆ ಮನೆತನದ ವಿಂಡೋಸಿಗೆ *.* ಎಂದರೆ ಇವತ್ತಿಗೂ ಚುಕ್ಕೆ ಇದ್ದದ್ದು, ಇಲ್ಲದ್ದು ಎಲ್ಲವೂ. ಲಿನಕ್ಸಿನದು ಶ್ಯಾನುಭೋಗರ ಸ್ವಭಾವ: ಬರೆದದ್ದಷ್ಟೇ ಲೆಕ್ಕ, ಚುಕ್ಕೆಯಿಲ್ಲದ ಹೆಸರು ಪಟ್ಟಿಗೆ ಸೇರದು. ಬರೀ * ಕೊಟ್ಟರೂ ಚುಕ್ಕೆಯಿಂದ ಶುರುವಾಗುವ ಫೈಲುಗಳು ಹೊರಗೆ ಬರುವುದಿಲ್ಲ. ಅಲ್ಲಿ ಸ್ಟಾರನ್ನು ಹೆಸರುಗಳಾಗಿ ಬಿಡಿಸುವುದು ನಮ್ಮ ಆಜ್ಞೆ ಓದುವ ಶೆಲ್. ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ಅದನ್ನು ಹಾಗೇ ಪ್ರೋಗ್ರಾಮಿಗೆ ದಾಟಿಸಿ ಕೈತೊಳೆದುಕೊಳ್ಳುತ್ತದೆ.

ನಿಜವಾದ ಮಜಾ ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟಾಗ. ? ಎಂದರೆ ಯಾವುದಾದರೂ ಒಂದು ಅಕ್ಷರ ಎಂದು ಎಲ್ಲ ಕಡೆ ಹೇಳಿಕೊಡುತ್ತಾರೆ. ಹಾಗಾದರೆ ಸಾಗರಕ್ಕೆ 3 ಸಾಕಲ್ಲ? ಸಾಲದು, 4 ಬೇಕು. ಯೂನಿಕೋಡಿನಲ್ಲಿ ‘ಸ’ ಬೇರೆ, ಅದರ ದೀರ್ಘ ಬೇರೆ. ಹೊಸನಗರಕ್ಕೆ 5 ಅಲ್ಲ, 6. ತೀರ್ಥಹಳ್ಳಿ ಬಾಯಲ್ಲಿ 4 ಅಕ್ಷರದ ಊರು. ಕಂಪ್ಯೂಟರ್ ಎಣಿಸುವುದು ಹೀಗೆ: ತ, ದೀರ್ಘದ ಗುಣಿತ, ರ, ವಿರಾಮ, ಥ, ಹ, ಳ, ಮತ್ತೆ ವಿರಾಮ, ಮತ್ತೆ ಳ, ಕೊನೆಗೊಂದು ಗುಡಿಸು. ಒಟ್ಟು 10! ಒತ್ತಕ್ಷರ ಬರೆಯುವಾಗ ಕಣ್ಣಿಗೆ ಬೀಳದ ವಿರಾಮಕ್ಕೂ ಒಂದು ಪ್ರಶ್ನೆ ಚಿಹ್ನೆಯ ತೆರಿಗೆ. ಹಳೆಯ ಮ್ಯಾಕಿನ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲು ವ್ಯವಸ್ಥೆ ಇನ್ನೂ ಒಂದು ಕೈ ಮುಂದೆ. ‘ಹೊ’ದ ಗುಣಿತವನ್ನೇ ಎರಡು ಹೋಳು ಮಾಡಿ ಡಿಸ್ಕಿನಲ್ಲಿಡುತ್ತಿತ್ತು, ಹೊಸನಗರ ಅಲ್ಲಿ 7. ಲಿನಕ್ಸಿನಲ್ಲಿ ಲೊಕೇಲ್ ಎಂಬ ಭಾಷೆಯ ಸೆಟ್ಟಿಂಗನ್ನು ‘ಸಿ’ಗೆ ತಿರುಗಿಸಿದರೆ ಎಣಿಕೆ ಬೈಟಿಗೆ ಇಳಿಯುತ್ತದೆ, ಪುಟ್ಟ ಸಾಗರವೇ 12.

ನನಗಂತೂ ಈ ಎಣಿಕೆ ಬೇಡ. ಕನ್ನಡದ ಹೆಸರಿಗೆ ಸ್ಟಾರೇ ವಾಸಿ. ತೀರ್ಥ* ಎಂದು ಹೊಡೆದೆ ಅನ್ನಿ, ತೀರ್ಥಹಳ್ಳಿಯದೆಲ್ಲ ಸಾಲಾಗಿ ಬರುತ್ತದೆ. ಜೊತೆಗೆ ಯಾರದೋ ‘ತೀರ್ಥಪ್ರಸಾದ’ದ ಕರೆಯೋಲೆಯೂ. ಹೆಗಲ ಹಿಂದಿನಿಂದ ಬಗ್ಗಿ ನೋಡುತ್ತಿದ್ದ ಗಿರಾಕಿ ಗಾಬರಿಯಾಗುತ್ತಾರೆ: ‘ಮಾರಾಯ್ರೆ, ಸತ್ಯನಾರಾಯಣ ಪೂಜೆ ನಮ್ದಲ್ಲ, ನಮ್ದು ಯಕ್ಷಗಾನ!’