ಅಳೂದಕ್ಕೂ ಒಂದು ಪುಸ್ತಕ ಐತಿ

ನಮ್ಮ ಸಭೆಯವರ ಮನಿಯಾಗ ಯಾರರೆ ತೀರಿಕೊಂಡ್ರ, ಮಾತಾಡ್ಸಾಕ ಬಂದವರು ಹೇಳೂ ಮಾತು ನಿಮಗೆಲ್ಲಾ ಗೊತ್ತೈತಿ. "ಅಳಬ್ಯಾಡ್ರಿ, ನಾವು ನಿರೀಕ್ಷೆ ಇರೋ ಮಂದಿ." ಹೇಳಾವ್ರು ಒಳ್ಳೇ ಮನಸ್ಸಿಲೇನ ಹೇಳ್ತಾರ. ಆದ್ರ ದೇವರನ್ನ ನಂಬಿದಾಕಿ ಅಳಬಾರದು ಅಂತ ಸತ್ಯವೇದ ಹೇಳತೈತೇನು? ನಾ ಓದಿದ್ದು ಪಿಯುಸಿ ತನಕಾ. ದೇವರ ಶಾಸ್ತ್ರ ಕಲಿತಾಕಿ ಅಲ್ಲ. ಆದ್ರ ಮೂವತ್ತು ವರ್ಷ ದಿನಾ ಬೆಳಿಗ್ಗೆ ಚಾ ಇಟ್ಟು ಒಂದೊಂದು ಅಧ್ಯಾಯ ಓದ್ಕೋತ ಬಂದೀನಿ. ನನಗ ಕಂಡಿದ್ದು ಬ್ಯಾರೇನ.

ನನ್ನ ನೆಗೆಣ್ಣಿ ಮಗಾ ಇಪ್ಪತ್ತಾರು ವರ್ಷದಾಂವ, ಎಂಟು ದಿನದ ಜ್ವರದಾಗ ಹೋದ. ಆಕಿ ನಮ್ಮ ಕಡೆ ಹೆಣ್ಮಕ್ಕಳು ಅಳೂವಂಗ ಹಾಡ್ಯಾಡಿ ಅಳಾಕತ್ತಿದ್ಲು. ಅಂವಾ ಸಣ್ಣಾಂವ ಇದ್ದಾಗ ಮಾಡಿದ ಆಟ, ಅವನ ಮದಿವಿಗೆ ಅಂತ ತಗದಿಟ್ಟ ಸೀರಿ, ಎಲ್ಲಾ ಹೇಳ್ಕೊಂಡು. ಹಿರೇರೊಬ್ರು "ಇದು ವಿಶ್ವಾಸಿಗಳು ಅಳೂ ರೀತಿ ಅಲ್ಲವ್ವಾ" ಅಂದ್ರು. ಆಕಿ ಬಾಯಿಗೆ ಸೆರಗು ಹಿಡಕೊಂಡ್ಲು. ಅವತ್ತಿಂದ ಸತ್ಯವೇದ ತಗೀಲಿಲ್ಲ. "ಅದರಾಗ ನನ್ನಂಥಾಕಿಗೆ ಜಾಗಿಲ್ಲ ಬಿಡ" ಅಂದ್ಲು.

ಜಾಗ ಐತಿ, ಭಾಳ ಐತಿ. ಕೀರ್ತನೆಗಳು ಅಂದ್ರ ಬರೇ ಸ್ತುತಿ ಹಾಡು ಅಂತ ತಿಳಿತೀವಿ. 150 ಕೀರ್ತನೆದಾಗ ಎಷ್ಟೋ ಕೀರ್ತನೆ ದೂರು ಹೇಳೂವಂಥಾವು. ಅವು ಅಳ್ಕೋತ ಶುರು ಆದ್ರೂ ಕಡೀಕ ಸಮಾಧಾನಕ್ಕ ಬರ್ತಾವ. ಆದ್ರ 88ನೇ ಕೀರ್ತನೆ ನೋಡ್ರಿ. ಕತ್ತಲಿಯೊಳಗ ಮುಗಿತೈತಿ, ಬೆಳಕು ಬರೂದ ಇಲ್ಲ. ಅದನ್ನೂ ದೇವರ ಪುಸ್ತಕದಾಗ ಇಟ್ಕೊಂಡಾರ, ತಗದು ಒಗದಿಲ್ಲ. ಯೇಸುಸ್ವಾಮಿ ಶಿಲುಬಿ ಮ್ಯಾಲೆ ಕೂಗಿದ ಮಾತು ಸುದ್ದಾ 22ನೇ ಕೀರ್ತನೆಯ ಮೊದಲನೇ ಮಾತು. ಸಾಯೂ ಹೊತ್ತಿನಾಗ ಆತನಿಗೂ ಒಂದು ಅಳೂ ಹಾಡ ಬೇಕಾತು.

ಪ್ರಲಾಪಗಳು ಅಂತ ಒಂದು ಸಣ್ಣ ಪುಸ್ತಕ ಐತಿ, ಐದ ಅಧ್ಯಾಯ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನ ಸುಟ್ಟು ಹಾಳು ಮಾಡಿದ್ದಕ್ಕ ಅತ್ತಿದ್ದು. ಊರನ್ನ ಒಬ್ಬ ವಿಧವಿ ಮಾಡಿ, ರಾತ್ರಿ ಒಬ್ಬಾಕಿನ ಕುಂತು ಅಳೂವಂಗ ತೋರ್ಸ್ಯಾರ. ಅದರ ಕಟ್ಟಣಿ ಕೇಳ್ರಿ. ಇಬ್ರಿಯ ಭಾಷಾಕ್ಕ 22 ಅಕ್ಷರ. ಒಂದು, ಎರಡು, ನಾಕನೇ ಅಧ್ಯಾಯಕ್ಕ 22 ವಚನ, ಒಂದೊಂದು ಅಕ್ಷರದಿಂದ ಒಂದೊಂದು ಶುರು, ನಮ್ಮ ಅ ಆ ಇ ಈ ಇದ್ದಂಗ. ಮೂರನೇದ್ದು ಅಕ್ಷರಕ್ಕ ಮೂರರಂಗ 66 ವಚನ. ಐದನೇದ್ದಕ್ಕೂ 22 ವಚನ, ಆದ್ರ ಅಕ್ಷರದ ಸಾಲು ತಪ್ಪಿ ಹೋಗೈತಿ. ಕನ್ನಡಕ್ಕ ಬಂದಾಗ ಈ ಸಾಲು ಕಾಣಂಗಿಲ್ಲ, ಎಣಿಕಿ ಅಷ್ಟ ಉಳದೈತಿ. ನನಗನಸ್ತೈತಿ, ದುಃಖಕ್ಕ ದಂಡಿ ಇರಂಗಿಲ್ಲ, ಅದಕ್ಕ ಒಂದು ಪಾತ್ರಿ ಬೇಕಾಗತೈತಿ. ನಮ್ಮ ಹೆಣ್ಮಕ್ಕಳು ಹಾಡ್ಯಾಡಿ ಅಳೂದೂ ಅದಕ್ಕ ಅಲ್ಲೇನು? ಯೆರೆಮೀಯನ ಒಂಬತ್ತನೇ ಅಧ್ಯಾಯದಾಗ ಅಳಾಕ ಬರೂ ಹೆಂಗಸರನ್ನ ಕರಸ್ರಿ, ನಿಮ್ಮ ಹೆಣ್ಮಕ್ಕಳಿಗೂ ಅದನ್ನ ಕಲಸ್ರಿ ಅನ್ನೂ ಮಾತ ಐತಿ.

ನಮ್ಮ ಧಾರವಾಡದ ಬೇಂದ್ರೆ ಅಜ್ಜಾರದೂ ಹಂಗ. "ನೀ ಹೀಂಗ ನೋಡಬ್ಯಾಡ ನನ್ನ" ಅನ್ನೂ ಹಾಡು ರೇಡಿಯೋದಾಗ ಕೇಳಿ ಎಷ್ಟೋ ಮಂದಿ ಪ್ರೇಮದ ಹಾಡು ಅಂತ ತಿಳದಾರ. ಅದು ಕೂಸು ಕಳಕೊಂಡ ಗಂಡ ಹೆಂಡತಿ ಮಾರಿ ನೋಡಲಾರದ ಹೇಳೂ ಮಾತು. ಅಲ್ಲೂ ಅಳಬ್ಯಾಡ ಅನ್ನೂ ಉಪದೇಶ ಇಲ್ಲ. ಅಳು ತಡಕೊಂಡು ಕುಂತಾಕಿನ ನೋಡಿ ಎದಿ ಒಡಿತೈತಿ ಆತಗ.

ಒಂದಿನ ಸಂಜಿಮುಂದ ನೆಗೆಣ್ಣಿ ಮನಿಗೆ ಹೋಗಿ, ಏನೂ ಬುದ್ಧಿ ಹೇಳದ 88ನೇ ಕೀರ್ತನೆ ಓದಿದೆ. ಮುಗದ ಮ್ಯಾಲೆ ಆಕಿ, "ಇದು ನಮ್ಮ ಸತ್ಯವೇದದಾಗನ ಐತೇನ?" ಅಂತ ಪುಸ್ತಕ ಇಸ್ಕೊಂಡು ತಾನ ಬಟ್ಟಿಟ್ಟು ನೋಡಿದ್ಲು. ಆಮ್ಯಾಲೆ ಅತ್ತಳು, ಈ ಸಲ ಸೆರಗು ಬಾಯಿಗೆ ಹಿಡೀಲಿಲ್ಲ. ಆಕಿ ದುಃಖ ಹೋತು ಅಂತ ನಾ ಹೇಳಂಗಿಲ್ಲ. ಪುಸ್ತಕ ಮಾತ್ರ ಈಗ ಆಕಿ ತಲಿದಿಂಬಿನ ಬಾಜೂಕ ಇರತೈತಿ.

ಹಂಗಾರ ದುಃಖದ ಮನಿಗೆ ಹೋದವರು ಏನ ಮಾಡಬೇಕು? ಯೋಬನ ಗೆಣೆಯಾರು ಮೂರು ಮಂದಿ ಬಂದು ಏಳು ದಿನ ಏಳು ರಾತ್ರಿ ಸುಮ್ಮನ ನೆಲದ ಮ್ಯಾಲೆ ಅವನ ಜೋಡಿ ಕುಂತ್ರು. ಅಲ್ಲೀ ಮಟಾ ಚಂದಿತ್ತು. ಬಾಯಿ ತಗದು ದೇವರ ಪರವಾಗಿ ವಾದ ಮಾಡಾಕ ಹತ್ತಿದ ಮ್ಯಾಲೆ ಕೆಟ್ಟಿತು. ಕಡೀಕ ದೇವರು ಸಿಟ್ಟಾಗಿದ್ದು ಅವರ ಮ್ಯಾಲೆ. ತನ್ನ ವಿಷಯ ಸರಿಯಾಗಿ ಆಡಿದಾಂವ ಯೋಬ ಅಂದ, ಅಷ್ಟೆಲ್ಲಾ ಕೂಗಾಡಿದ ಯೋಬ!

ಇನ್ನ ನೊವೊಮಿ. ಗಂಡನ್ನ, ಇಬ್ಬರು ಮಕ್ಕಳನ್ನ ಮಣ್ಣು ಮಾಡಿ ಬೇತ್ಲೆಹೇಮಿಗೆ ತಿರುಗಿ ಬಂದಾಗ, ನನ್ನನ್ನ ಹಳೇ ಹೆಸರಿಲೆ ಕರೀಬ್ಯಾಡ್ರಿ, ಮಾರಾ ಅನ್ನರಿ, ಕಹಿ ಅನ್ನರಿ ಅಂದ್ಲು. ಅಲ್ಲಿ ಹೆಂಗಸರು ಆಕಿಗೆ ವಿಶ್ವಾಸ ಕಡಿಮಿ ಅಂತ ಬೈದಿದ್ದು ರೂತಳ ಪುಸ್ತಕದಾಗ ಎಲ್ಲೂ ಇಲ್ಲ. ನಾಕನೇ ಅಧ್ಯಾಯದಾಗ ರೂತಳಿಗೆ ಗಂಡು ಕೂಸು ಹುಟ್ಟಿ, ನೊವೊಮಿ ಅದನ್ನ ಎದಿಗೆ ಅವಚಿಕೊಂಡಾಗ ಓಬೇದ ಅಂತ ಹೆಸರಿಟ್ಟವರು ಯಾರು ಗೊತ್ತೇನ್ರಿ? ಆಜೂಬಾಜೂ ಮನಿ ಹೆಂಗಸರು.